ವಾಚ್ ಫೋಟೋಗೆ ಮೊದಲು ಬೆಳಕು ಕೊಳ್ಳಿ, ಕ್ಯಾಮೆರಾ ಆಮೇಲೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಪ್ರಶ್ನೋತ್ತರ ವಿಭಾಗದಲ್ಲಿ ಒಬ್ಬ ಯುವಕರು ಕೇಳಿದ್ದ ಪ್ರಶ್ನೆ ಓದಿದೆ. ಹಳೇ ಎಚ್‌ಎಂಟಿ ವಾಚ್‌ಗಳನ್ನು ಹುಡುಕಿ ತಂದು, ಸರ್ವಿಸ್ ಮಾಡಿಸಿ ಆನ್‌ಲೈನ್‌ನಲ್ಲಿ ಮಾರುತ್ತೇನೆ, ಫೋಟೋ ಮತ್ತು ವಿಡಿಯೊ ಎರಡಕ್ಕೂ ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಅವರು ಕೇಳಿದ್ದರು. ನಿಮ್ಮ ತಜ್ಞರು ಒಂದು ಫುಲ್‌ಫ್ರೇಮ್ ಬಾಡಿ (ಚಿತ್ರ ಮೂಡುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ), ಅದಕ್ಕೊಂದು 24-70 ಮಿ.ಮೀ. ಜೂಮ್ ಲೆನ್ಸ್ ಹೇಳಿ ಮುಗಿಸಿದರು. ಎರಡೂ ಸೇರಿದರೆ ಎರಡು ಲಕ್ಷ ದಾಟುತ್ತದೆ. ಒಂದು ವಾಚ್‌ನಲ್ಲಿ ಕೆಲವು ನೂರು ರೂಪಾಯಿ ಉಳಿಸಿಕೊಳ್ಳುವವರಿಗೆ ಇದು ಕೊಡುವ ಸಲಹೆಯಾ? ದುಡ್ಡಿನ ಮಾತು ಬಿಡಿ, ಆ ಲೆನ್ಸ್ ಈ ಕೆಲಸಕ್ಕೆ ಆಗುವುದೇ ಇಲ್ಲ. ಅದಕ್ಕೇ ಈ ಪತ್ರ.

ನಾನು ತುಮಕೂರಿನವನು, ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರಿನವನು. ವಾಚ್ ಕೂಡಿಡುವ ಹುಚ್ಚಿದೆ, ಅವುಗಳ ಫೋಟೋ ತೆಗೆಯುವ ಹುಚ್ಚು ಅದಕ್ಕಿಂತ ಜಾಸ್ತಿ ಇದೆ.

ಮೊದಲು ಅಳತೆ ನೋಡಿ. ಎಚ್‌ಎಂಟಿ ಜನತಾ ವಾಚ್‌ನ ಅಗಲ ಸುಮಾರು 35 ಮಿ.ಮೀ. ಫುಲ್‌ಫ್ರೇಮ್ ಸೆನ್ಸರ್ ಅಳತೆ 36 x 24 ಮಿ.ಮೀ. ಸಾಮಾನ್ಯ 24-70 ಲೆನ್ಸ್ ಎಷ್ಟು ಹತ್ತಿರ ಹೋದರೂ ವಸ್ತುವನ್ನು ಸೆನ್ಸರ್ ಮೇಲೆ ಅದರ ನಿಜ ಗಾತ್ರದ ಕಾಲು ಭಾಗದಷ್ಟು ಮಾತ್ರ ಮೂಡಿಸುತ್ತದೆ, ಕೆಲವು ಲೆನ್ಸ್‌ಗಳಲ್ಲಿ ಸ್ವಲ್ಪ ಹೆಚ್ಚು, ಕೆಲವದರಲ್ಲಿ ಕಮ್ಮಿ. ಅಂದರೆ 35 ಮಿ.ಮೀ. ವಾಚ್ ಸೆನ್ಸರ್ ಮೇಲೆ ಒಂಬತ್ತು ಮಿ.ಮೀ. ಜಾಗ ಹಿಡಿಯುತ್ತದೆ, ಮಿಕ್ಕದ್ದೆಲ್ಲ ಮೇಜು. ಎರಡು ಲಕ್ಷ ಕೊಟ್ಟು ಮೇಜಿನ ಫೋಟೋ ತೆಗೆದು, ಆಮೇಲೆ ಕತ್ತರಿಸಿ ಕತ್ತರಿಸಿ ವಾಚ್ ಉಳಿಸಿಕೊಳ್ಳಬೇಕು.

ಹಾಗಂತ ವಸ್ತು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಮೂಡುವ ಮ್ಯಾಕ್ರೋ (ತೀರ ಹತ್ತಿರದ ಫೋಟೋ), ಅಂದರೆ 1:1, ಎಲ್ಲ ಫೋಟೋಗೂ ಬೇಕು ಅಂತಲೂ ಅಲ್ಲ. ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರ್‌ನ ಕ್ಯಾಮೆರಾದಲ್ಲಿ 1:1ಕ್ಕೆ ಹೋದರೆ ಚೌಕಟ್ಟಿಗೆ ಸಿಗುವುದು ಸುಮಾರು 23 x 15 ಮಿ.ಮೀ. ಜಾಗ ಅಷ್ಟೇ. ಇಡೀ ಡಯಲ್ ಕೂಡ ಅದರಲ್ಲಿ ಹಿಡಿಸುವುದಿಲ್ಲ. ವಾಚ್ ಪೂರ್ತಿ ಕಾಣಬೇಕಾದರೆ ಅರ್ಧ ಗಾತ್ರ, ಅಂದರೆ 1:2, ಕೂಡ ಬೇಕಿಲ್ಲ, ಅದಕ್ಕಿಂತ ಕಮ್ಮಿ ಸಾಕು. ಡಯಲ್ ಮೇಲಿನ ಅಕ್ಷರ, ಮುಳ್ಳಿನ ತುದಿ, ಒಳಗಿನ ಮಷಿನ್ ಮೇಲಿನ ನಂಬರ್ ತೋರಿಸುವಾಗ ಮಾತ್ರ 1:1 ಬೇಕು. ಈ ಲೆಕ್ಕ ಗೊತ್ತಾದರೆ ಅರ್ಧ ದುಡ್ಡು ಅಲ್ಲೇ ಉಳಿಯಿತು. ಬಳಸಿದ ಹಳೇ ಎಪಿಎಸ್-ಸಿ ಬಾಡಿ ಯಾವುದಾದರೂ ನಡೆಯುತ್ತದೆ. ಹತ್ತು ವರ್ಷ ಹಳೆಯದಾದರೂ ಪರವಾಗಿಲ್ಲ. ಈಗಿನ ಬಾಡಿಗಳ ದೊಡ್ಡ ಹೆಗ್ಗಳಿಕೆಯೆಲ್ಲ ಓಡುವ ಮಗುವನ್ನೋ ಹಾರುವ ಹಕ್ಕಿಯನ್ನೋ ಫೋಕಸ್‌ನಲ್ಲಿ ಹಿಡಿಯುವುದು. ವಾಚ್ ಎಲ್ಲಿಗೂ ಓಡುವುದಿಲ್ಲವಲ್ಲ.

ಲೆನ್ಸ್ ವಿಷಯದಲ್ಲಿ ಕಮ್ಮಿ ಖರ್ಚಿನ ದಾರಿ ಎಕ್ಸ್‌ಟೆನ್ಷನ್ ಟ್ಯೂಬ್. ಅದರೊಳಗೆ ಗಾಜೇ ಇಲ್ಲ, ಬರೀ ಟೊಳ್ಳು ಬಳೆ. ಬಾಡಿ ಮತ್ತು ಲೆನ್ಸ್ ನಡುವೆ ಹಾಕಿದರೆ ಲೆನ್ಸ್ ಇನ್ನೂ ಹತ್ತಿರಕ್ಕೆ ಫೋಕಸ್ ಆಗುತ್ತದೆ. ಲೆಕ್ಕ ಸುಲಭ: ಟ್ಯೂಬ್‌ನ ಉದ್ದವನ್ನು ಲೆನ್ಸ್‌ನ ಫೋಕಲ್ ಲೆಂತ್‌ನಿಂದ (ಲೆನ್ಸ್ ಮೇಲೆ ಬರೆದ ಮಿ.ಮೀ. ಅಂಕಿ) ಭಾಗಿಸಿ. 50 ಮಿ.ಮೀ. ಲೆನ್ಸ್‌ಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ಅರ್ಧ ಗಾತ್ರ ಬಂತು. ಎಲ್ಲ ಕಂಪನಿಯವರೂ ಮಾಡುವ ಆ ಅಗ್ಗದ 50 ಎಂಎಂ ಎಫ್ 1.8 ಲೆನ್ಸ್ ಇದ್ದರೆ ಇಷ್ಟರಲ್ಲೇ ಡಯಲ್ ಚೌಕಟ್ಟು ತುಂಬುತ್ತದೆ, ಇಡೀ ವಾಚ್‌ಗೆ ಇನ್ನೂ ಚಿಕ್ಕ ಟ್ಯೂಬ್ ಸಾಕು. ಒಂದೇ ಎಚ್ಚರ, ಟ್ಯೂಬ್‌ನಲ್ಲಿ ಎಲೆಕ್ಟ್ರಿಕ್ ಪಿನ್‌ಗಳು ಇರಬೇಕು. ಇಲ್ಲದಿದ್ದರೆ ಈಗಿನ ಲೆನ್ಸ್‌ಗಳ ಅಪರ್ಚರ್, ಅಂದರೆ ಬೆಳಕು ಒಳಗೆ ಬಿಡುವ ಕಿಂಡಿ, ಬದಲಾಯಿಸಲು ಆಗುವುದಿಲ್ಲ. ಪಿನ್ ಇಲ್ಲದ ಟ್ಯೂಬ್ ಭಾರೀ ಅಗ್ಗಕ್ಕೆ ಸಿಗುವುದೂ ಅದಕ್ಕೇ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ನಿಕಾನ್‌ನವರ ಹಳೇ 55 ಎಂಎಂ ಮೈಕ್ರೋ-ನಿಕ್ಕೋರ್, ಎಫ್ 3.5 ಆಗಲಿ ಎಫ್ 2.8 ಆಗಲಿ. ಕೈಯಲ್ಲೇ ಫೋಕಸ್ ತಿರುಗಿಸುವ ಲೆನ್ಸ್, ತಾನಾಗಿಯೇ 1:2ರವರೆಗೆ ಹೋಗುತ್ತದೆ. ಅಡಾಪ್ಟರ್ ಇದ್ದರೆ ಯಾವ ಕಂಪನಿಯ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಬಾಡಿಗೂ ಕೂರುತ್ತದೆ. ಅಪರ್ಚರ್ ರಿಂಗ್ ಲೆನ್ಸ್ ಮೇಲೇ ಇರುವುದರಿಂದ ಪಿನ್ ತಲೆನೋವಿಲ್ಲ. ಆಟೋಫೋಕಸ್ ಇಲ್ಲ ಅಂತ ಹಿಂಜರಿಯಬೇಡಿ. ವಾಚ್‌ನ ಗಾಜಿನ ಮೇಲೆ ಆಟೋಫೋಕಸ್ ಬಿಟ್ಟರೆ ಅದು ಒಮ್ಮೆ ಗಾಜಿನ ಗೀರು ಹಿಡಿಯುತ್ತದೆ, ಒಮ್ಮೆ ಗಾಜಿನಲ್ಲಿ ಕಾಣುವ ಟ್ಯೂಬ್‌ಲೈಟ್ ಹಿಡಿಯುತ್ತದೆ. ಈ ಕೆಲಸ ಮಾಡುವವರು ಹೇಗಿದ್ದರೂ ಅದನ್ನು ಆಫ್ ಮಾಡಿಯೇ ಕೂರುತ್ತಾರೆ.

ದುಡ್ಡು ಇದ್ದರೆ ಮಾತ್ರ 90ರಿಂದ 105 ಮಿ.ಮೀ. ನಡುವಿನ ನಿಜವಾದ ಮ್ಯಾಕ್ರೋ ಲೆನ್ಸ್. ಟ್ಯಾಮ್ರಾನ್ 90, ಕ್ಯಾನನ್ 100, ಸಿಗ್ಮಾ 105, ನಿಕಾನ್ 105, ಇವುಗಳಲ್ಲಿ ಯಾವುದನ್ನು ಕೊಂಡರೂ ಮೋಸವಿಲ್ಲ. ಈ ಉದ್ದದ ಲೆನ್ಸ್ ಯಾಕೆ ಅಂದರೆ ವಾಚ್‌ಗೂ ಲೆನ್ಸ್‌ಗೂ ನಡುವೆ ಲೈಟ್ ಇಡುವಷ್ಟು ಜಾಗ ಉಳಿಯುತ್ತದೆ. 30 ಅಥವಾ 40 ಮಿ.ಮೀ.ನ ಪುಟ್ಟ ಮ್ಯಾಕ್ರೋಗಳು ಬೆಲೆಯಲ್ಲಿ ಆಸೆ ಹುಟ್ಟಿಸುತ್ತವೆ ನಿಜ, ಆದರೆ 1:1ಕ್ಕೆ ಹೋಗುವ ಹೊತ್ತಿಗೆ ಲೆನ್ಸ್‌ನ ಮೂತಿ ವಾಚ್‌ಗೆ ಮುತ್ತಿಡುವಷ್ಟು ಹತ್ತಿರ ಬಂದು, ತನ್ನದೇ ನೆರಳನ್ನು ಡಯಲ್ ಮೇಲೆ ಹಾಕುತ್ತದೆ.

ಈಗ ನಿಮ್ಮ ತಜ್ಞರು ಒಂದು ಸಾಲೂ ಬರೆಯದ ವಿಷಯಕ್ಕೆ ಬರುತ್ತೇನೆ, ಬೆಳಕು. ಅರ್ಧಕ್ಕಿಂತ ಹೆಚ್ಚು ದುಡ್ಡು, ಮುಕ್ಕಾಲು ಪಾಲು ತಾಳ್ಮೆ ಇಲ್ಲೇ ಖರ್ಚಾಗಬೇಕು.

ವಾಚ್ ಅಂದರೆ ಉಜ್ಜಿಟ್ಟ ಸ್ಟೀಲ್ ಲೋಟದ ಹಾಗೆ, ಸುತ್ತ ಏನಿದೆಯೋ ಅದನ್ನೆಲ್ಲ ತೋರಿಸುತ್ತದೆ. ಕ್ಯಾಮೆರಾ ಹಿಡಿದ ಕೈ, ಹಾಕಿದ ಅಂಗಿ, ಮೇಲಿನ ಫ್ಯಾನು, ಎಲ್ಲವೂ ಕೇಸ್‌ನ, ಅಂದರೆ ವಾಚ್‌ನ ಲೋಹದ ಹೊರಕವಚದ, ಅಂಚಿನಲ್ಲಿ ಬಂದು ಕೂರುತ್ತವೆ. ಹಾಗಾಗಿ ನಾವು ವಾಚ್‌ಗೆ ಬೆಳಕು ಬಿಡುತ್ತೇವೆ ಅನ್ನುವುದಕ್ಕಿಂತ, ವಾಚ್ ಏನನ್ನು ನೋಡಬೇಕು ಅಂತ ತೀರ್ಮಾನಿಸುತ್ತೇವೆ. ಲೋಹ ಚೆನ್ನಾಗಿ ಕಾಣಬೇಕಾದರೆ ಅದರ ಎದುರಿಗೆ ದೊಡ್ಡದಾದ, ಬೆಳ್ಳಗಿನ, ಮೆತ್ತಗೆ ಬೆಳಗುವ ಒಂದು ಹಾಳೆ ಇರಬೇಕು. ಸ್ಟೇಷನರಿ ಅಂಗಡಿಯ ಟ್ರೇಸಿಂಗ್ ಪೇಪರ್ ಸಾಕು. ಒಂದು ಎಲ್‌ಇಡಿ ಲೈಟ್, ಅದರ ಮುಂದೆ ಒಂದಡಿ ದೂರದಲ್ಲಿ ಎ3 ಅಳತೆಯ ಟ್ರೇಸಿಂಗ್ ಪೇಪರ್, ಎದುರು ಬದಿಗೆ ಥರ್ಮೋಕೋಲ್ ತುಂಡು. ಕಾಗದವನ್ನು ಲೈಟ್‌ಗೆ ಅಂಟಿಸಿಬಿಟ್ಟರೆ ಪ್ರಯೋಜನವಿಲ್ಲ, ದೂರ ಇಟ್ಟಾಗಲೇ ಕಾಗದ ಪೂರ್ತಿ ಬೆಳಗಿ ದೊಡ್ಡ ದೀಪ ಆಗುವುದು. ಇನ್ನು ಕ್ಯಾಮೆರಾದ ಬಿಂಬ ಗಾಜಿನಲ್ಲಿ ಕಾಣದಿರಲು, ಕಪ್ಪು ಚಾರ್ಟ್ ಪೇಪರ್‌ನಲ್ಲಿ ಲೆನ್ಸ್ ಹಿಡಿಯುವಷ್ಟು ತೂತು ಮಾಡಿ ಲೆನ್ಸ್‌ಗೆ ಸಿಕ್ಕಿಸಿಬಿಡಿ. ಹೊಳೆಯುವ ಕೇಸ್‌ಗೆ ಅಂಚಿನಲ್ಲಿ ಒಂದು ಕಪ್ಪು ಗೆರೆಯೂ ಬೇಕಾಗುತ್ತದೆ. ಬರೀ ಬಿಳಿ ಸುತ್ತಿದರೆ ಸ್ಟೀಲ್ ಎಲ್ಲ ಬೂದುಬಣ್ಣದ ಪ್ಲಾಸ್ಟಿಕ್ ಥರ ಕಾಣುತ್ತದೆ. ಅಂಗಡಿಯಲ್ಲಿ ಮಾರುವ, ನಾಲ್ಕೂ ಕಡೆ ಬಿಳಿ ಇರುವ ಲೈಟ್‌ಬಾಕ್ಸ್ ನನಗೆ ಸೇರದಿರುವುದು ಅದಕ್ಕೇ.

ಆದರೆ ಇಲ್ಲೊಂದು ಜಗಳ ಇದೆ. ನಡುವಿನಿಂದ ಅಂಚಿಗೆ ಸೂರ್ಯಕಿರಣದ ಹಾಗೆ ಗೆರೆ ಹೊಡೆದ ಡಯಲ್‌ಗಳಿಗೆ ಈ ಮೆತ್ತನೆ ಬೆಳಕು ಆಗಿಬರುವುದಿಲ್ಲ. ಸುತ್ತಲಿಂದ ಒಂದೇ ಸಮ ಬೆಳಕು ಬಿದ್ದರೆ ಆ ಕಿರಣಗಳು ಮಾಯವಾಗಿ ಡಯಲ್ ಸಪ್ಪೆಯಾಗುತ್ತದೆ. ಅಲ್ಲಿ ಒಂದು ಕಡೆಯಿಂದ ಬರುವ, ಚಿಕ್ಕ, ಸ್ವಲ್ಪ ಗಡಸಾದ ಬೆಳಕೇ ಬೇಕು. ಲೋಹ ಒಂದನ್ನು ಕೇಳುತ್ತದೆ, ಡಯಲ್ ಇನ್ನೊಂದನ್ನು. ಕ್ಯಾಮೆರಾ ಅಲ್ಲಾಡಿಸದೆ ಎರಡು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ಸೇರಿಸುವವರೂ ಇದ್ದಾರೆ. ವಿಡಿಯೊಗೆ ಆ ಉಪಾಯ ನಡೆಯುವುದಿಲ್ಲ, ಅಲ್ಲಿ ಲೈಟನ್ನೇ ಕೈಯಲ್ಲಿ ಹಿಡಿದು ನಿಧಾನ ಸರಿಸಿದರೆ ಆ ಕಿರಣ ಡಯಲ್ ಮೇಲೆ ತಿರುಗುವುದು ನೋಡಲು ಚೆಂದ.

ಕಿಟಕಿ ಬೆಳಕು ಸಾಕಾಗುವುದಿಲ್ಲವಾ ಅಂದರೆ, ಸಾಕು. ಆದರೆ ಉತ್ತರದ ಕಿಟಕಿ ಹುಡುಕಿ, ಅಲ್ಲಿ ಬಿಸಿಲು ಬೀಳುವುದಿಲ್ಲ ಅಂತ ಯೂರೋಪಿನವರು ಬರೆದದ್ದನ್ನು ಇಲ್ಲಿ ಹಾಗೇ ನಂಬಬೇಡಿ. ನಾವಿರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಟ್ರೇಸಿಂಗ್ ಪೇಪರ್ ಅಂಟಿಸಬೇಕಾಗುತ್ತದೆ. ಮತ್ತೆ ಮೋಡ ಬಂದು ಹೋದಂತೆಲ್ಲ ಬಣ್ಣ ಬದಲಾಗುತ್ತದೆ. ಮಾರುವವರಿಗೆ ಅದು ದೊಡ್ಡ ತೊಂದರೆ.

ಲೈಟ್ ಕೊಳ್ಳುವಾಗ ಎಷ್ಟು ವ್ಯಾಟ್ ಅಂತ ಕೇಳುವುದಕ್ಕಿಂತ ಸಿಆರ್‌ಐ ಎಷ್ಟು ಅಂತ ಕೇಳಿ. ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕಿ ಅದು. 95ರ ಮೇಲಿದ್ದರೆ ಒಳ್ಳೆಯದು. ಮನೆಯ ಮಾಮೂಲಿ ಎಲ್‌ಇಡಿ ಬಲ್ಬ್‌ಗಳಲ್ಲಿ 80 ಇದ್ದರೆ ಹೆಚ್ಚು, ಅಂಥ ಬೆಳಕಿನಲ್ಲಿ ಚಿನ್ನದ ಬಣ್ಣದ ಕೇಸ್ ಹಿತ್ತಾಳೆಯಂತೆ, ಮಾಸಿದ ಕೆನೆಬಣ್ಣದ ಡಯಲ್ ಹಸಿರು ತಿರುಗಿದಂತೆ ಕಾಣಬಹುದು.

ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಗಾಜಿನ ಹೊಳಪೆಲ್ಲ ಹೋಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಅರ್ಧ ಸತ್ಯ. ಓರೆಯಾಗಿ ನೋಡಿದಾಗ ಗಾಜಿನ ಹೊಳಪು ಕಡಿಮೆಯಾಗುತ್ತದೆ. ನೇರ ಮೇಲಿನಿಂದ ತೆಗೆದರೆ ಏನೂ ಆಗುವುದಿಲ್ಲ. ಲೋಹದ ಹೊಳಪಿಗೆ ಅದು ಮುಟ್ಟುವುದೇ ಇಲ್ಲ. ಇನ್ನು ಡಿಜಿಟಲ್ ವಾಚ್‌ಗೆ ಹಾಕಿದರೆ ಮಜಾ ನೋಡಿ, ಫಿಲ್ಟರನ್ನು ಒಂದು ಕೋನಕ್ಕೆ ತಿರುಗಿಸಿದಾಗ ಅಂಕಿಗಳೇ ಕಾಣದಂತೆ ಡಿಸ್‌ಪ್ಲೇ ಪೂರ್ತಿ ಕಪ್ಪಾಗುತ್ತದೆ. ಆ ಡಿಸ್‌ಪ್ಲೇ ಒಳಗೂ ಪೋಲರೈಸರ್ ಹಾಳೆ ಇರುವುದೇ ಕಾರಣ. ಮೊದಲು ಕೊಳ್ಳಬೇಕಾದವುಗಳ ಪಟ್ಟಿಯಿಂದ ಈ ಫಿಲ್ಟರ್ ತೆಗೆದುಹಾಕಿ.

ಬೆಳಕಿನ ನಂತರ ಸ್ಟ್ಯಾಂಡ್. 1:1ರಲ್ಲಿ ಅಪರ್ಚರ್ ಎಫ್ 8 ಇಟ್ಟರೆ (ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಫೋಕಸ್‌ನಲ್ಲಿ ಸಿಗುವ ಆಳ ಹೆಚ್ಚುಕಡಿಮೆ ಒಂದು ಮಿ.ಮೀ. ಅಷ್ಟೇ. 1:2ರಲ್ಲಿ ಎರಡರಿಂದ ಮೂರು ಮಿ.ಮೀ. ಟೈಟಾನ್‌ನವರ ಎಡ್ಜ್ ವಾಚ್‌ನ ಇಡೀ ದಪ್ಪವೇ 3.5 ಮಿ.ಮೀ., ಅಂಥದ್ದು ಹೇಗೋ ಪಾರಾಗುತ್ತದೆ. ಉಬ್ಬಿದ ಪ್ಲಾಸ್ಟಿಕ್ ಗಾಜಿನ ಹಳೇ ಎಚ್‌ಎಂಟಿಯಲ್ಲಿ ಡಯಲ್ ಸ್ಪಷ್ಟವಾದರೆ ಬೆಲ್ಟ್ ಕೂರುವ ಜಾಗ ಮಸುಕು. ಎಫ್ 16, ಎಫ್ 22ಕ್ಕೆ ಹೋಗಿಬಿಡೋಣ ಅಂದರೆ, 1:1ರಲ್ಲಿ ಎಫ್ 16 ನಿಜಕ್ಕೂ ಎಫ್ 32ರಂತೆ ಕೆಲಸ ಮಾಡಿ ಇಡೀ ಫೋಟೋವೇ ಮೆತ್ತಗಾಗುತ್ತದೆ. ಹಾಗಾಗಿ ಎಫ್ 8ರ ಆಸುಪಾಸಿನಲ್ಲೇ ಇದ್ದು, ಫೋಕಸನ್ನು ಮೇಲಿನಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತ ಹಲವು ಫೋಟೋ ತೆಗೆದು, ಹೆಲಿಕಾನ್ ಅಥವಾ ಝೆರೀನ್‌ನಂಥ ಸಾಫ್ಟ್‌ವೇರ್‌ನಲ್ಲಿ ಒಂದಾಗಿಸುತ್ತಾರೆ. ಇದಕ್ಕೆ ಕ್ಯಾಮೆರಾ ಕೂದಲೆಳೆಯಷ್ಟೂ ಅಲ್ಲಾಡಬಾರದು. ತೆಳ್ಳಗಿನ ಟ್ರೈಪಾಡ್‌ನಲ್ಲಿ ಇದು ಕಷ್ಟ, ಬೀದಿಯಲ್ಲಿ ಲಾರಿ ಹೋದರೂ ನಡುಗುತ್ತದೆ. ನನ್ನ ಸಲಹೆ ಕೇಳಿದರೆ ಹಳೇ ಸ್ಟುಡಿಯೊಗಳಲ್ಲಿ ವಿಚಾರಿಸಿ. ರೀಲು ಕ್ಯಾಮೆರಾ ಕಾಲದಲ್ಲಿ ಡಾರ್ಕ್‌ರೂಮ್‌ನಲ್ಲಿ ಫೋಟೋ ದೊಡ್ಡದು ಮಾಡುತ್ತಿದ್ದ ಎನ್‌ಲಾರ್ಜರ್‌ಗಳು ಇನ್ನೂ ಕೆಲವರ ಅಟ್ಟದ ಮೇಲಿವೆ. ಅದರ ತಲೆ ಬಿಚ್ಚಿ ಕ್ಯಾಮೆರಾ ಕೂರಿಸಿದರೆ ಭಾರವಾದ ಬುಡ, ನೆಟ್ಟಗಿನ ಕಂಬ, ಮೇಲೆ ಕೆಳಗೆ ಸರಿಸುವ ಹಿಡಿ, ಎಲ್ಲ ಇರುವ ಸ್ಟ್ಯಾಂಡ್ ರೆಡಿ. ಲೋಹದ ಕೆಲಸ ಮಾಡುವವರಿಂದ ಒಂದು ಸ್ಕ್ರೂ ಹಾಕಿಸಬೇಕಾಗುತ್ತದೆ, ಅಷ್ಟೇ ಖರ್ಚು.

ಒಂದು ಪ್ರಶ್ನೆ ಎಲ್ಲರಿಗೂ ಬರುತ್ತದೆ. ಹಲವು ಫೋಟೋ ಸೇರಿಸುವಾಗ ಸೆಕೆಂಡ್ ಮುಳ್ಳು ಓಡುತ್ತಿದ್ದರೆ ಏನು ಮಾಡುವುದು? ಕ್ವಾರ್ಟ್ಜ್ ವಾಚ್‌ನಲ್ಲಿ ಸಾಮಾನ್ಯವಾಗಿ ಕೀ ಹೊರಗೆಳೆದರೆ ಮುಳ್ಳು ನಿಲ್ಲುತ್ತದೆ. ಜನತಾದಂಥ ಕೀ ಕೊಡುವ ವಾಚ್‌ನಲ್ಲಿ ಎಳೆದರೂ ನಿಲ್ಲುವುದಿಲ್ಲ. ಹಿಂದಿನ ದಿನ ಕೀ ಕೊಡದೆ ಬಿಟ್ಟುಬಿಡಿ, ತಾನಾಗಿ ನಿಂತ ಮೇಲೆ ಮುಳ್ಳುಗಳನ್ನು ಹತ್ತು ಗಂಟೆ ಹತ್ತು ನಿಮಿಷಕ್ಕೆ ಇಟ್ಟು ನಿಧಾನವಾಗಿ ತೆಗೆಯಿರಿ.

ವಿಡಿಯೊಗೆ ಬಂದರೆ ನಮ್ಮ ದೇಶದ ಕರೆಂಟ್ 50 ಹರ್ಟ್ಜ್ ಅನ್ನುವುದನ್ನು ಮೊದಲು ನೆನಪಿಡಬೇಕು. ಮನೆಯ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್‌ನಲ್ಲಿ, ಶಟರ್ 1/60 ಸೆಕೆಂಡಿನಲ್ಲಿ ಇದ್ದರೆ ಡಯಲ್ ಮೇಲೆ ನೆರಳಿನ ಪಟ್ಟಿಗಳು ಹರಿದಾಡುತ್ತವೆ. ಕ್ಯಾಮೆರಾ ಕೆಟ್ಟಿದೆ ಅಂತ ಸರ್ವಿಸ್‌ಗೆ ಕೊಟ್ಟವರನ್ನು ನೋಡಿದ್ದೇನೆ. ಮೆನುವಿನಲ್ಲಿ ಎನ್‌ಟಿಎಸ್‌ಸಿ (60 ಹರ್ಟ್ಜ್ ದೇಶಗಳ ವಿಡಿಯೊ ಪದ್ಧತಿ) ತೆಗೆದು ಪಾಲ್ (ನಮ್ಮಂಥ 50 ಹರ್ಟ್ಜ್ ದೇಶಗಳದ್ದು) ಮಾಡಿ, 25 ಫ್ರೇಮ್, ಶಟರ್ 1/50 ಇಡಿ, ಪಟ್ಟಿ ಹೋಗುತ್ತದೆ. ವಿದೇಶದಿಂದ ಯಾರೋ ತಂದುಕೊಟ್ಟ ಕ್ಯಾಮೆರಾ ಆದರೆ ಮೊದಲು ಇದನ್ನೇ ನೋಡಿ.

ಎಚ್‌ಎಂಟಿಗೆ 25 ಫ್ರೇಮ್ ಇನ್ನೊಂದು ಕಾರಣಕ್ಕೂ ಸರಿಹೋಗುತ್ತದೆ. ಜನತಾದ ಒಳಗಿನ 17 ಜ್ಯುವೆಲ್ ಮಷಿನ್ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು. 25 ಫ್ರೇಮ್‌ನಲ್ಲಿ ಪ್ರತಿ ಬಡಿತಕ್ಕೂ ಸರಿಯಾಗಿ ಐದು ಫ್ರೇಮ್ ಸಿಕ್ಕಿ, ಸೆಕೆಂಡ್ ಮುಳ್ಳಿನ ನಡಿಗೆ ಒಂದೇ ಸಮ ಕಾಣುತ್ತದೆ. ಈಗಿನ ಬಹಳಷ್ಟು ಸ್ವಿಸ್ ವಾಚ್‌ಗಳು ಗಂಟೆಗೆ 28,800 ಸಲ ಬಡಿಯುತ್ತವೆ, ಸೆಕೆಂಡಿಗೆ ಎಂಟು. ಅದಕ್ಕೆ 25 ಫ್ರೇಮ್ ಸಮನಾಗಿ ಹಂಚಿಹೋಗುವುದಿಲ್ಲ, 24 ಹಂಚಿಹೋಗುತ್ತದೆ. ಇದನ್ನೆಲ್ಲ ಯಾರು ಗಮನಿಸುತ್ತಾರೆ ಅನ್ನಬಹುದು. ವಾಚ್ ಕೊಳ್ಳುವವರೇ ಗಮನಿಸುತ್ತಾರೆ ಸ್ವಾಮಿ, ಅವರಿಗೆ ಬೇರೆ ಕೆಲಸವೇ ಇರುವುದಿಲ್ಲ!

ಹಿಂದಿನ ಮುಚ್ಚಳ ತೆಗೆದು ಅತ್ತಿತ್ತ ತಿರುಗುವ ಬ್ಯಾಲೆನ್ಸ್ ಚಕ್ರದ ಆಟವನ್ನು ಸ್ಲೋ ಮೋಷನ್‌ನಲ್ಲಿ ತೋರಿಸಬೇಕಾದರೆ 120 ಬಿಟ್ಟು 100 ಫ್ರೇಮ್ ಆರಿಸಿ, ಶಟರ್ 1/100. 120 ಇರುವ ಕ್ಯಾಮೆರಾಗಳು ಪಾಲ್ ಮಾಡಿದಾಗ ಸಾಮಾನ್ಯವಾಗಿ 100 ಕೊಡುತ್ತವೆ. ಆಗ ಪ್ರತಿ ಫ್ರೇಮ್‌ಗೂ ದೀಪದ ಒಂದೊಂದು ಮಿನುಗು ಸಿಕ್ಕಿ ಬೆಳಕು ಕುಣಿಯುವುದಿಲ್ಲ. ಬ್ಯಾಟರಿಯಿಂದ ಉರಿಯುವ, ಮಿನುಗದ ಒಳ್ಳೇ ವಿಡಿಯೊ ಲೈಟ್ ಇದ್ದರೆ ಈ ತಾಪತ್ರಯವೇ ಇಲ್ಲ. ಫೋಟೋಗೆ ಮಾತ್ರವಾದರೆ ಫ್ಲ್ಯಾಶ್ ಚೆನ್ನ, ನಡುಕವನ್ನೂ ನುಂಗಿಬಿಡುತ್ತದೆ. ಆದರೆ ಇವರಿಗೆ ವಿಡಿಯೊ ಕೂಡ ಬೇಕಲ್ಲ, ಹಾಗಾಗಿ ಎರಡಕ್ಕೂ ಆಗುವ ಒಂದು ಎಲ್‌ಇಡಿಯೇ ಸರಿ. ಟಿಕ್ ಟಿಕ್ ಸದ್ದು ಬೇಕಾದರೆ ಫ್ಯಾನ್ ನಿಲ್ಲಿಸಿ ಕಾಲರ್ ಮೈಕನ್ನು ವಾಚ್ ಪಕ್ಕ ಇಡಿ. ಫ್ಯಾನ್ ನಿಲ್ಲಿಸಿದರೆ ಟ್ರೇಸಿಂಗ್ ಪೇಪರ್ ಹಾರಾಡುವುದೂ ನಿಲ್ಲುತ್ತದೆ.

ಫೋನ್ ಬಗ್ಗೆ ಎರಡೇ ಮಾತು. ಎರಡು ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಕ್ಯಾಮೆರಾ ಇದೆ ಅಂತ ಫೋನ್ ಕೊಳ್ಳಬೇಡಿ, ಅದು ಸುಮ್ನೆ ಲೆಕ್ಕಕ್ಕೆ ಇಟ್ಟದ್ದು. ಫೋನಿನಲ್ಲೇ ತೆಗೆಯುವುದಾದರೆ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಆರಿಸಿ ಸ್ವಲ್ಪ ದೂರ ನಿಲ್ಲಿ. ವೈಡ್ ಲೆನ್ಸ್‌ನಲ್ಲಿ ಹತ್ತಿರ ಹೋದರೆ ದುಂಡಗಿನ ವಾಚ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಇಷ್ಟು ಉದ್ದಕ್ಕೆ ಬರೆದದ್ದಕ್ಕೆ ಬೇರೆ ಕಾರಣವೂ ಇದೆ. ಸಿಟಿಜನ್ ಕಂಪನಿಯ ಸಹಾಯದಿಂದ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿ ವಾಚ್ ತಯಾರಿಕೆಯ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ಈಗ ಹಳೆಯದಕ್ಕೆ ಬೇಡಿಕೆ ಇದೆ, ಬೇಡಿಕೆ ಇದ್ದಲ್ಲಿ ಮೋಸವೂ ಇದೆ. ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು, ಕಂಪನಿ ಯಾವತ್ತೂ ಮಾಡದ ಗಿಳಿಹಸಿರು, ಕಿತ್ತಳೆ ಬಣ್ಣದ ವಾಚ್‌ಗಳನ್ನು ಅಪರೂಪದ್ದು ಅಂತ ಮಾರುವವರಿದ್ದಾರೆ. ಒಂದರ ಡಯಲ್, ಇನ್ನೊಂದರ ಮುಳ್ಳು, ಮತ್ತೊಂದರ ಮಷಿನ್ ಸೇರಿಸಿದ್ದೂ ಉಂಟು. ಇವುಗಳ ಫೋಟೋ ಯಾವಾಗಲೂ ಓರೆಯಾಗಿ, ಕತ್ತಲಲ್ಲಿ, ಹಿಂದೆ ಕಾಫಿ ಲೋಟ ಇಟ್ಟು ತೆಗೆದಿರುತ್ತದೆ, ಗಮನಿಸಿ. ಅಕ್ಷರದ ಅಂಚು ದಪ್ಪಗಿರುವುದು, ನಿಮಿಷದ ಗೆರೆಗಳು ಸೊಟ್ಟಗಿರುವುದು ನೇರ ಮೇಲಿನಿಂದ, ಸಮ ಬೆಳಕಿನಲ್ಲಿ ತೆಗೆದ ಅರ್ಧ ಗಾತ್ರದ ಫೋಟೋದಲ್ಲಿ ತಕ್ಷಣ ಗೊತ್ತಾಗುತ್ತದೆ. ನಿಮಗೆ ಪ್ರಶ್ನೆ ಕೇಳಿದ ಯುವಕರು ಪ್ರಾಮಾಣಿಕರು ಅಂತಲೇ ನಂಬೋಣ. ಅಂಥವರ ವಾಚ್‌ಗೆ ಒಳ್ಳೇ ಬೆಲೆ ಬರುವುದು ನೇರ ತೆಗೆದ ಡಯಲ್ ಫೋಟೋ, ಮುಚ್ಚಳ ತೆಗೆದ ಮಷಿನ್ ಫೋಟೋ, ಪಕ್ಕದಲ್ಲೊಂದು ಬೂದು ಕಾರ್ಡ್ ಇಟ್ಟು ಬಣ್ಣ ಸರಿಮಾಡಿದ ಫೋಟೋ, ಗೀರುಗಳನ್ನು ಮುಚ್ಚಿಡದ ಫೋಟೋ, ಇವುಗಳಿಂದ. ಇದ್ಯಾವುದಕ್ಕೂ ಫುಲ್‌ಫ್ರೇಮ್ ಬೇಕಿಲ್ಲ.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಆ ಉತ್ತರವನ್ನು ತಿದ್ದಿ. ಜಾಗ ಇದ್ದರೆ ಈ ಕ್ರಮವನ್ನಾದರೂ ಹಾಕಿ: ಲೈಟ್, ಟ್ರೇಸಿಂಗ್ ಪೇಪರ್, ಗಟ್ಟಿ ಸ್ಟ್ಯಾಂಡ್, ಧೂಳು ಊದುವ ರಬ್ಬರ್ ಬ್ಲೋವರ್, ಆಮೇಲೆ ಲೆನ್ಸ್, ಕೊನೆಗೆ ಬಾಡಿ. ಬೆಂಗಳೂರಿನಲ್ಲಿ ಮ್ಯಾಕ್ರೋ ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತದೆ. ಕೊಳ್ಳುವ ಮೊದಲು ಒಂದು ಶನಿವಾರ ತಂದು, ತಮ್ಮ ಹತ್ತಿರ ಇರುವ ಎಲ್ಲ ವಾಚ್‌ಗಳನ್ನೂ ಒಂದೇ ಲೈಟ್‌ನಲ್ಲಿ ತೆಗೆದು ನೋಡಲಿ. ಟ್ಯೂಬ್ ಹಾಕಿದ ಅಗ್ಗದ 50ರ ಫೋಟೋಗೂ ಅದಕ್ಕೂ ವ್ಯತ್ಯಾಸ ಕಂಡರೆ ಮಾತ್ರ ಕೊಳ್ಳಲಿ.

ಇಂತಿ,
ನಿಮ್ಮ ಓದುಗ,
ತುಮಕೂರು